ಹೊಟ್ಟೆನೋವಿಗೆ ಹಿಪ್ನೋಥೆರಪಿ ಮಾಡಿಸಿ ಅಂದರು ಡಾಕ್ಟರು, ಅಮ್ಮನಿಗೆ ವಶೀಕರಣದ ಭಯ. ಗೊತ್ತಿದ್ದವರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಆರು ವರ್ಷದಿಂದ ಹೊಟ್ಟೆಯ ಗೋಳು. ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಂಡಲು ಶುರುವಾಗುತ್ತದೆ. ಮೂರು ನಾಲ್ಕು ಸಲ ಟಾಯ್ಲೆಟ್ಟಿಗೆ ಓಡಬೇಕು. ರಾತ್ರಿ ಬಸ್ಸಿಗೆ ಊರಿಗೆ ಹೋಗುವ ದಿನ ಮಧ್ಯಾಹ್ನದಿಂದಲೇ ಊಟ ಬಿಡುತ್ತೇನೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ರಕ್ತ ಪರೀಕ್ಷೆ ಎಲ್ಲ ಆಯಿತು. ಎಲ್ಲ ನಾರ್ಮಲ್. ಐಬಿಎಸ್ ಅಂದರು, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ಆಗಾಗ ಕೆರಳುವ ತೊಂದರೆ. ಮಾತ್ರೆ ತಗೊಂಡರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ.

ಹೋದ ವಾರ ಡಾಕ್ಟರು, ಕರುಳಿನ ತೊಂದರೆಗೇ ಅಂತ ಇರುವ ಹಿಪ್ನೋಥೆರಪಿ ಮಾಡಿಸಿ ನೋಡಿ ಅಂದರು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಅದು ವಶೀಕರಣ ಅಲ್ವೇನೇ? ನಿನ್ನ ಬುದ್ಧಿ ಇನ್ನೊಬ್ಬರ ಕೈಗೆ ಕೊಟ್ಟು ಬರ್ತೀಯಾ?" ಅಂದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅದೇ ಭಯ. ಮಾಡಿಸಿಕೊಂಡವರು, ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಜೋಳದರೊಟ್ಟಿ

ಅಕ್ಕಾರ, ನಿಮ್ಮ ಅವ್ವ ಹೇಳಿದ್ದರಲ್ಲಿ ತಪ್ಪೇನಿಲ್ಲ. ಟಿವಿಯಲ್ಲಿ ನೋಡಿದ್ದೇನೆ, ಚಿಟಿಕೆ ಹೊಡೆದರೆ ಮನುಷ್ಯ ಧಪ್ ಅಂತ ಬೀಳುತ್ತಾನೆ, ಕೋಳಿ ಹಾಗೆ ಕೂಗು ಅಂದರೆ ಕೂಗುತ್ತಾನೆ. ಹಂಗೆ ಮಲಗಿಸಿ ಎಲ್ಲಾದರೂ ಸಹಿ ಹಾಕಿಸಿಕೊಂಡರೆ ಯಾರು ಕೇಳಬೇಕು? ಹೋಗುವುದಿದ್ದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಮನೋನಿಧಿ, ಮೈಸೂರು

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಹದಿನಾಲ್ಕು ವರ್ಷದಿಂದ ಈ ಕೆಲಸ. ಹಿಪ್ನಾಸಿಸ್ ನನ್ನ ಚಿಕಿತ್ಸೆಯಲ್ಲಿ ಒಂದು ಭಾಗ, ಅಷ್ಟೇ. ನಿಮ್ಮ ಅಮ್ಮನ ಪ್ರಶ್ನೆ ನನ್ನ ಕೋಣೆಗೆ ಬರುವ ಹತ್ತರಲ್ಲಿ ಎಂಟು ಜನ ಕೇಳುವ ಪ್ರಶ್ನೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಅದು ನಿದ್ದೆ ಅಲ್ಲ. ಹೆಸರೇನೋ ನಿದ್ದೆಯ ಗ್ರೀಕ್ ದೇವರು ಹಿಪ್ನಾಸ್‌ನಿಂದ ಬಂದದ್ದು. ಆದರೆ ಆ ಹೊತ್ತಿನಲ್ಲಿ ಮಿದುಳಿನ ಅಲೆಗಳನ್ನು ಅಳೆದರೆ ಅವು ನಿದ್ದೆಯ ಅಲೆಗಳಲ್ಲ. ಹೊರಗೆ ಆಟೋ ಹೋದ ಸದ್ದು ನಿಮಗೆ ಕೇಳಿಸುತ್ತದೆ. ಮೂಗು ತುರಿಸಿದರೆ ಕೆರೆದುಕೊಳ್ಳುತ್ತೀರಿ. ಇಷ್ಟವಿಲ್ಲದಿದ್ದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು.

ಹಾಗಾದರೆ ಏನದು? ರಾತ್ರಿಯಿಡೀ ಯಕ್ಷಗಾನ ನೋಡುತ್ತಾ ಕೂತಿದ್ದೀರಾ? ಚೆಂಡೆ ಏರಿದ ಹೊತ್ತಿಗೆ ಸೊಳ್ಳೆ ಕಚ್ಚಿದ್ದು ಗೊತ್ತಾಗುವುದಿಲ್ಲ, ಕಾಲು ಜೋಮು ಹಿಡಿದದ್ದು ಗೊತ್ತಾಗುವುದಿಲ್ಲ. ಗಮನ ಪೂರ್ತಿ ಒಂದು ಕಡೆ ನೆಟ್ಟಿದೆ, ಉಳಿದದ್ದೆಲ್ಲ ಹಿಂದೆ ಸರಿದಿದೆ. ಹಿಪ್ನಾಸಿಸ್‌ನಲ್ಲಿ ಇದನ್ನೇ ಬೇಕೆಂದು ಮಾಡುತ್ತೇವೆ. ಗಮನ ಹಾಗೆ ಒಂದೆಡೆ ನಿಂತಾಗ ಸೂಚನೆಗಳು ಮೈಗೆ ಬೇಗ ತಾಕುತ್ತವೆ. "ಕೈ ಬಿಸಿಯಾಗುತ್ತಿದೆ" ಅಂದರೆ ಕೆಲವರಿಗೆ ನಿಜವಾಗಿ ಬಿಸಿ ಅನ್ನಿಸುತ್ತದೆ.

ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹಿಲ್ಗಾರ್ಡ್ ಮತ್ತು ವೈಟ್ಸನ್‌ಹಾಫರ್ 1959ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ಸುಮಾರು ನೂರಕ್ಕೆ ಹತ್ತು ಹದಿನೈದು ಜನ ಬಹಳ ಬೇಗ ಒಳಗೆ ಹೋಗುತ್ತಾರೆ. ಅಷ್ಟೇ ಜನಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಉಳಿದವರೆಲ್ಲ ನಡುವೆ. ಈ ಗುಣ ವಯಸ್ಸಾದರೂ ಅಷ್ಟಾಗಿ ಬದಲಾಗುವುದಿಲ್ಲ. ಅಂದರೆ ಇದು ಎದುರಿಗೆ ಕೂತವನ ಮಂತ್ರಶಕ್ತಿ ಅಲ್ಲ, ನಿಮ್ಮೊಳಗೇ ಇರುವ ಒಂದು ಸಾಮರ್ಥ್ಯ.

ಜೋಳದರೊಟ್ಟಿ ಅವರೇ, ವೇದಿಕೆಯ ಮೇಲೆ ಕೋಳಿ ಕೂಗುವವನ ವಿಷಯ. ಅಲ್ಲಿ ಮೊದಲೇ ಸಣ್ಣ ಪರೀಕ್ಷೆ ಮಾಡಿ ಚೆನ್ನಾಗಿ ಸ್ಪಂದಿಸುವವರನ್ನು ಆರಿಸಿಕೊಂಡಿರುತ್ತಾರೆ. ಮೇಲೆ ಬಂದವನಿಗೂ ಆಟ ಆಡುವ ಮನಸ್ಸಿರುತ್ತದೆ. ಆದರೂ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಅಂದಿರಲ್ಲ, ಅದು ಒಳ್ಳೆಯ ಮಾತು. ಬೇಡ ಅನ್ನುವ ಚಿಕಿತ್ಸಕರಿದ್ದರೆ ಅನುಮಾನ ಪಡಿ.

ಕಾರವಾರದ ಕಡಲು

ಇದು ಎದುರಿಗೆ ಕೂತವನ ಶಕ್ತಿ ಅಲ್ಲ, ನಿಮ್ಮೊಳಗಿನ ಸಾಮರ್ಥ್ಯ ಅಂತ ಮೈಸೂರಿನ ಮೇಡಂ ಹೇಳಿದರಲ್ಲ, ಆ ಮಾತನ್ನು ಇನ್ನೂರು ವರ್ಷದ ಹಿಂದೆ ಮೊದಲು ಹೇಳಿದವರಲ್ಲಿ ಒಬ್ಬ ನಮ್ಮ ಪಕ್ಕದ ಗೋವೆಯವನು. ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಪಣಜಿಗೆ ಹೋದವರು ಮಾಂಡೋವಿ ದಂಡೆಯ ಹಳೇ ಸೆಕ್ರೆಟೇರಿಯಟ್ ಪಕ್ಕದಲ್ಲಿ ಒಂದು ಪ್ರತಿಮೆ ನೋಡಿರುತ್ತೀರಿ. ನಿಲುವಂಗಿ ತೊಟ್ಟ ಪಾದ್ರಿ ಎರಡೂ ಕೈ ಮುಂದೆ ಚಾಚಿದ್ದಾನೆ, ಕೆಳಗೆ ಒಬ್ಬ ಹೆಂಗಸು ಒರಗಿ ಬೀಳುತ್ತಿದ್ದಾಳೆ. ಸಣ್ಣವನಿದ್ದಾಗ ನಾನು ಅದನ್ನು ಮಾಟಗಾರ ಅಂತಲೇ ತಿಳಿದಿದ್ದೆ. ಅವರು ಅಬ್ಬೆ ಫರಿಯಾ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದವರು.

ಅವರ ಬಗ್ಗೆ ನಮ್ಮ ಕೊಂಕಣಿ ಮನೆಗಳಲ್ಲಿ ಒಂದು ಕಥೆ ಹೇಳುತ್ತಾರೆ. ಪೋರ್ಚುಗಲ್ ರಾಣಿಯ ಮುಂದೆ ಪ್ರವಚನ ಮಾಡಲು ನಿಂತಾಗ ಅವರ ಬಾಯಿ ಕಟ್ಟಿಹೋಯಿತಂತೆ. ಹತ್ತಿರ ಇದ್ದ ಅಪ್ಪ ಮೆಲ್ಲಗೆ, "ಹಿ ಸಗಳಿ ಭಾಜಿ, ಕಾತರ್ ರೇ ಭಾಜಿ" ಅಂದರಂತೆ. ಇವರೆಲ್ಲ ಬರೀ ತರಕಾರಿ ಕಣೋ, ಕತ್ತರಿಸು ತರಕಾರಿ ಅಂತ. ಅಷ್ಟು ಕೇಳಿದ್ದೇ ತಡ, ಭಯ ಹೋಗಿ ಮಾತು ಹರಿಯಿತಂತೆ. ಒಂದು ಮಾತು ಮನುಷ್ಯನ ಮೈಯನ್ನು ಹೀಗೆ ಬದಲಿಸುವುದು ಹೇಗೆ ಅನ್ನುವ ಯೋಚನೆ ಅವರಿಗೆ ಅಲ್ಲಿಂದಲೇ ಹತ್ತಿತು ಅನ್ನುತ್ತಾರೆ ನಮ್ಮ ಹಿರಿಯರು.

ಆ ಕಾಲದಲ್ಲಿ ಯುರೋಪಿನಲ್ಲಿ ಮೆಸ್ಮರ್ ಅನ್ನುವ ವೈದ್ಯನ ಹೆಸರು ದೊಡ್ಡದು. ಮೈಯಿಂದ ಮೈಗೆ ಹರಿಯುವ ಒಂದು ಕಾಂತಶಕ್ತಿ ಇದೆ, ಅದನ್ನು ಹಾಯಿಸಿ ರೋಗ ವಾಸಿ ಮಾಡುತ್ತೇನೆ ಅಂತ ಅವನ ವಾದ. 1784ರಲ್ಲಿ ಫ್ರಾನ್ಸಿನ ರಾಜ ಇದನ್ನು ಪರೀಕ್ಷಿಸಲು ಸಮಿತಿ ಮಾಡಿದ. ವಿಜ್ಞಾನಿಗಳಾದ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಅದರಲ್ಲಿದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಮರಕ್ಕೆ ಮಾತ್ರ "ಶಕ್ತಿ" ತುಂಬಿಸಿ, ಒಬ್ಬ ಹುಡುಗನ ಕಣ್ಣು ಕಟ್ಟಿ ಬೇರೆ ಬೇರೆ ಮರಗಳ ಹತ್ತಿರ ಕರೆದೊಯ್ದರು. ಹುಡುಗ ಶಕ್ತಿಯೇ ಇಲ್ಲದ ಮರದ ಹತ್ತಿರ ಮೂರ್ಛೆ ಬಿದ್ದ! ಇದೆಲ್ಲ ಕಲ್ಪನೆಯ ಕೆಲಸ ಅಂತ ಸಮಿತಿ ಕಡತ ಮುಚ್ಚಿತು.

ಫರಿಯಾ ಅವರು 1813ರಿಂದ ಪ್ಯಾರಿಸ್‌ನಲ್ಲಿ ಎಲ್ಲರೆದುರು ಪ್ರಯೋಗ ಮಾಡಿ ತೋರಿಸಿದರು. ಕಾಂತವೂ ಇಲ್ಲ, ನನ್ನ ಕೈಯಿಂದ ಏನೂ ಹೋಗುವುದಿಲ್ಲ, ಆಗುವುದೆಲ್ಲ ಎದುರಿಗಿರುವವರ ಮನಸ್ಸಿನೊಳಗೇ ಅಂತ ಅವರು ಸಾರಿದರು. ಸಮಿತಿ ಬರೀ ಕಲ್ಪನೆ ಅಂತ ಬಿಟ್ಟದ್ದನ್ನೇ ಇವರು ಹಿಡಿದುಕೊಂಡರು, ನೋಡಿ. ಜನ ಗೇಲಿ ಮಾಡಿದರು, ನಾಟಕ ಕಟ್ಟಿ ನಕ್ಕರು. 1819ರಲ್ಲಿ ಬಡತನದಲ್ಲೇ ತೀರಿಕೊಂಡರು. ಈಗಲೂ ಆ ಪ್ರತಿಮೆ ಹತ್ತಿರ ಹೋದಾಗ ಒಂದು ನಿಮಿಷ ನಿಲ್ಲುತ್ತೇನೆ.

ಪ್ರಶ್ನೆಗಾರ

ಕಥೆ ಚೆನ್ನಾಗಿದೆ. ಆದರೆ ಅದೇ ಕಥೆ ನನ್ನ ಅನುಮಾನವನ್ನೂ ಹೆಚ್ಚಿಸುತ್ತದೆ. ಎಲ್ಲ ಮನಸ್ಸಿನ ಕಲ್ಪನೆ ಅಂದಮೇಲೆ ಇದು ಮದ್ದು ಅಂತ ಹೇಳಿ ಬರೀ ಸಕ್ಕರೆಯ ಮಾತ್ರೆ ಕೊಟ್ಟ ಹಾಗೇ ಅಲ್ವಾ? ತುಂಗಾತೀರ ಅವರ ನೋವು ನಿಜವಾದದ್ದು. ಅದಕ್ಕೆ ದುಡ್ಡು ಸುರಿಯುವ ಮೊದಲು ಪುರಾವೆ ಏನಿದೆ?

ಮನೋನಿಧಿ, ಮೈಸೂರು

ಕೇಳಲೇಬೇಕಾದ ಪ್ರಶ್ನೆ. ಒಂದು ಪ್ರಯೋಗ ಹೇಳುತ್ತೇನೆ. 1997ರಲ್ಲಿ ಕೆನಡಾದಲ್ಲಿ ರೇನ್‌ವಿಲ್ ಮತ್ತು ಜೊತೆಯವರು ಜನರ ಕೈಯನ್ನು ಸುಡುವಷ್ಟು ಬಿಸಿ, ಅಂದರೆ ಸುಮಾರು 47 ಡಿಗ್ರಿ ನೀರಿನಲ್ಲಿ ಇಡಿಸಿದರು. ಹಿಪ್ನಾಸಿಸ್‌ನಲ್ಲಿ ಒಮ್ಮೆ "ಇದು ಅಷ್ಟೇನೂ ಸಂಕಟ ಕೊಡುತ್ತಿಲ್ಲ" ಅಂತ, ಇನ್ನೊಮ್ಮೆ "ಇದು ಬಹಳ ಸಂಕಟ" ಅಂತ ಸೂಚನೆ. ನೀರಿನ ಬಿಸಿ ಬದಲಾಗಲಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲಿ, ನೋವಿನ ಸಂಕಟಕ್ಕೆ ಸಂಬಂಧಪಟ್ಟ ಸಿಂಗ್ಯುಲೇಟ್ ಅನ್ನುವ ಭಾಗದ ಚಟುವಟಿಕೆ ಸೂಚನೆಗೆ ತಕ್ಕ ಹಾಗೆ ಏರಿಳಿಯಿತು. ಬಿಸಿ ತಾಕಿದ್ದನ್ನು ಗುರುತಿಸುವ ಭಾಗ ಮಾತ್ರ ಹಾಗೇ ಇತ್ತು. ಬಾಯಲ್ಲಿ ಸುಮ್ನೆ "ಕಡಿಮೆಯಾಯಿತು" ಅಂದದ್ದಲ್ಲ ಅದು. ನೋವು ಬರುತ್ತಿದೆ, ಆದರೆ ಅದರ ಕಾಟ ಕಡಿಮೆ.

ಸಕ್ಕರೆ ಮಾತ್ರೆಯ ಜೊತೆ ಹೋಲಿಕೆ ಪೂರ್ತಿ ತಪ್ಪಲ್ಲ. ನಿರೀಕ್ಷೆಯ ಪಾಲು ಎರಡರಲ್ಲೂ ಇದೆ. ಇಲ್ಲಿ ಇನ್ನೊಂದು ತೊಡಕು, ಮಾತ್ರೆಯ ಹಾಗೆ ರೋಗಿಗೆ ಗೊತ್ತಾಗದಂತೆ ಹಿಪ್ನಾಸಿಸ್ ಕೊಡಲು ಬರುವುದಿಲ್ಲ. ಹಾಗಾಗಿ ಇದರ ಅಧ್ಯಯನಗಳನ್ನು ಎಚ್ಚರದಿಂದ ಓದಬೇಕು.

ಎಲ್ಲದಕ್ಕೂ ಇದು ಮದ್ದಲ್ಲ. ಸಿಗರೇಟು ಬಿಡಿಸುತ್ತೇವೆ ಅಂತ ಜಾಹೀರಾತು ಜಾಸ್ತಿ. ಆದರೆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ, ಬೇರೆ ದಾರಿಗಳಿಗಿಂತ ಇದು ಮೇಲು ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ ಅಂದಿತು. ನೋವು, ಆಪರೇಷನ್ ಮುಂಚಿನ ಆತಂಕ, ಮತ್ತು ಐಬಿಎಸ್, ಇವುಗಳಲ್ಲಿ ಆಧಾರ ಚೆನ್ನಾಗಿದೆ.

ಮ್ಯಾಂಚೆಸ್ಟರ್ ಮಳೆ

ನಾನು ಶಿವಮೊಗ್ಗದವಳು, ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನರ್ಸ್. ಇದರಲ್ಲಿ ನಮ್ಮ ಈ ಊರಿಗೆ ಎರಡು ಸಲ ಪಾತ್ರ ಇದೆ. 1841ರಲ್ಲಿ ಇಲ್ಲಿ ಒಂದು ಮೆಸ್ಮರಿಸಂ ಪ್ರದರ್ಶನ ನೋಡಿದ ಜೇಮ್ಸ್ ಬ್ರೇಡ್ ಅನ್ನುವ ಸರ್ಜನ್, ಇದರಲ್ಲಿ ಕಾಂತ ಇಲ್ಲ, ದಿಟ್ಟಿ ನೆಟ್ಟು ಗಮನ ನಿಲ್ಲಿಸಿದರೆ ಸಾಕು ಅಂತ ಕಂಡುಕೊಂಡರು. ಹಿಪ್ನಾಟಿಸಂ ಅನ್ನುವ ಮಾತು ಬಳಕೆಗೆ ಬಂದದ್ದು ಅವರಿಂದ. 1984ರಲ್ಲಿ ಇದೇ ಊರಿನ ವೈದ್ಯ ಪೀಟರ್ ವೋರ್‌ವೆಲ್, ಯಾವ ಮದ್ದಿಗೂ ಬಗ್ಗದ 30 ಜನ ಐಬಿಎಸ್ ರೋಗಿಗಳ ಮೇಲೆ ಅಧ್ಯಯನ ಮಾಡಿದರು. ಅರ್ಧ ಜನಕ್ಕೆ ಹಿಪ್ನೋಥೆರಪಿ, ಅರ್ಧ ಜನಕ್ಕೆ ಮಾತಿನ ಚಿಕಿತ್ಸೆ ಮತ್ತು ಸುಳ್ಳು ಮಾತ್ರೆ. ಹಿಪ್ನೋಥೆರಪಿಯವರಿಗೆ ಎದ್ದು ಕಾಣುವಷ್ಟು ಗುಣ ಆಯಿತು. 2016ರಲ್ಲಿ ಮೆಲ್ಬೋರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು 74 ಜನರಲ್ಲಿ ಪಥ್ಯಕ್ಕೂ ಇದಕ್ಕೂ ಹೋಲಿಸಿದರು. ಎರಡರಲ್ಲೂ ಹತ್ತರಲ್ಲಿ ಸುಮಾರು ಏಳು ಜನಕ್ಕೆ ಸುಧಾರಿಸಿತು.

ಇಲ್ಲಿನ ಸರ್ಕಾರಿ ಮಾರ್ಗಸೂಚಿಯಲ್ಲೇ, 12 ತಿಂಗಳು ಮದ್ದು ತಗೊಂಡೂ ಗುಣ ಕಾಣದ ಐಬಿಎಸ್‌ಗೆ ಇದನ್ನು ಯೋಚಿಸಬಹುದು ಅಂತ ಇದೆ. ನಿಮ್ಮ ಡಾಕ್ಟರು ವಿಚಿತ್ರ ಏನನ್ನೂ ಹೇಳಿಲ್ಲ ತಂಗಿ.

ಒಂದು ಎಚ್ಚರ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಇವು ಯಾವಾಗ ಕಂಡರೂ ಮೊದಲು ಹೊಟ್ಟೆ ಡಾಕ್ಟರ ಹತ್ತಿರ ಹೋಗಿ.

ಹಲ್ಲುಡಾಕ್ಟ್ರು

ನಾನು ವಿಧಿವತ್ತಾಗಿ ಹಿಪ್ನಾಸಿಸ್ ಮಾಡುವುದಿಲ್ಲ. ಆದರೆ ಇದರಿಂದ ಕಲಿತ ಒಂದು ವಿಷಯ ದಿನಾ ಉಪಯೋಗಕ್ಕೆ ಬರುತ್ತದೆ. ಮೊದಲೆಲ್ಲ ಸೂಜಿ ಹಾಕುವಾಗ ಮಕ್ಕಳಿಗೆ "ನೋವಾಗಲ್ಲ ಪುಟ್ಟಾ, ಹೆದರಬೇಡ" ಅನ್ನುತ್ತಿದ್ದೆ. ಮಗುವಿನ ಕಿವಿಗೆ ಬೀಳುವುದು ಎರಡೇ ಮಾತು, ನೋವು ಮತ್ತು ಹೆದರಿಕೆ. ಈಗ "ವಸಡಿನ ಮೇಲೆ ಒಂದು ತಣ್ಣನೆ ಇರುವೆ ಓಡಾಡುತ್ತೆ, ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಆಮೇಲೆ ನಂಗೆ ಹೇಳ್ಬೇಕು" ಅನ್ನುತ್ತೇನೆ. ಮಗು ಇರುವೆಯನ್ನು ಹುಡುಕುತ್ತಾ ಕೂರುತ್ತದೆ. ಮೊನ್ನೆ ಒಬ್ಬ ಹುಡುಗ ಎದ್ದವನೇ, "ಡಾಕ್ಟ್ರೇ, ಅದು ಕೆನ್ನೆ ಒಳಗೆ ಹೋಗಿ ಮಲಗಿಬಿಡ್ತು" ಅಂದ.

ಅರಿವಳಿಕೆಯ ಮದ್ದು ಬರುವ ಮುಂಚೆ ನಮ್ಮ ದೇಶದಲ್ಲೇ ಇದರ ದೊಡ್ಡ ಪ್ರಯೋಗ ನಡೆದಿತ್ತು. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಅನ್ನುವ ಕಂಪನಿ ಸರ್ಕಾರದ ಸರ್ಜನ್ 1845ರ ಏಪ್ರಿಲ್‌ನಲ್ಲಿ, ವೃಷಣದಲ್ಲಿ ನೀರು ತುಂಬಿ ನರಳುತ್ತಿದ್ದ ಒಬ್ಬ ಕೈದಿಯಿಂದ ಶುರು ಮಾಡಿದರು. ಆಮೇಲೆ ಆನೆಕಾಲು ರೋಗದಿಂದ ಬೆಳೆದ ದೊಡ್ಡ ಗೆಡ್ಡೆಗಳನ್ನೂ ಹೀಗೇ ತೆಗೆದರು. ರೋಗಿ ಮೈಮರೆಯಲಿ ಅಂತ ಗಂಟೆಗಟ್ಟಲೆ ಮೈಮೇಲೆ ಕೈ ಆಡಿಸುವ ಕೆಲಸವನ್ನು ಅಲ್ಲಿನ ಸ್ಥಳೀಯ ಸಹಾಯಕರು ಮಾಡುತ್ತಿದ್ದರು. ಅವರ ಹೆಸರು ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ಬೇಸರ. ಕೈದಿಗೆ ಬೇಡ ಅನ್ನುವ ಅವಕಾಶ ಎಷ್ಟಿತ್ತು ಅನ್ನುವುದೂ ಕಾಡುತ್ತದೆ. 1846ರಲ್ಲಿ ಈಥರ್, ಮರುವರ್ಷ ಕ್ಲೋರೋಫಾರಂ ಬಂತು. ಇದು ಮೂಲೆಗೆ ಸೇರಿತು.

ಸಂಪಿಗೆಮರ

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಇದರ ಇನ್ನೊಂದು ಮುಖವೂ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಅಪ್ಪ ತೀರಿಹೋದ ಮೇಲೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಗೆಳತಿಯೊಬ್ಬಳು ವಾರಾಂತ್ಯದ ಒಂದು ಶಿಬಿರಕ್ಕೆ ಕರೆದುಕೊಂಡು ಹೋದಳು. ಹಿಪ್ನಾಟಿಸಂನಿಂದ ಹಿಂದಿನ ಜನ್ಮ ತೋರಿಸುತ್ತಾರೆ ಅಂತ. ಕಣ್ಣು ಮುಚ್ಚಿ ಮಲಗಿದ್ದೆ. "ಯಾರೋ ನಿನ್ನ ಕುತ್ತಿಗೆ ಹಿಡಿದಿದ್ದಾರೆ, ಅವರ ಮುಖ ನೋಡು, ಈ ಜನ್ಮದಲ್ಲೂ ಅವರು ನಿನ್ನ ಹತ್ತಿರವೇ ಇದ್ದಾರೆ" ಅಂದರು. ನನಗೆ ಚಿಕ್ಕಪ್ಪನ ಮುಖ ಕಂಡಿತು. ಎಷ್ಟು ಸ್ಪಷ್ಟ ಅಂದರೆ, ಅವರ ಹುಬ್ಬಿನ ಮೇಲಿನ ಗಾಯದ ಗುರುತೂ ಕಂಡಿತು.

ಅಪ್ಪನ ಕೆಲಸವೆಲ್ಲ ಮುಂದೆ ನಿಂತು ಮಾಡಿದವರು ಆ ಚಿಕ್ಕಪ್ಪ. ಎರಡು ವರ್ಷ ಅವರ ಹತ್ತಿರ ಮಾತು ಬಿಟ್ಟೆ. ಅವರ ಮಗಳ ಮದುವೆಗೂ ಹೋಗಲಿಲ್ಲ. ಕಾರಣ ಏನು ಅಂತ ಅವರಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆಮೇಲೆ ಆಸ್ಪತ್ರೆಯ ಸೈಕಾಲಜಿಸ್ಟ್ ಒಬ್ಬರು ಕೂರಿಸಿ, ನಾನು ಕಂಡದ್ದು ನೆನಪಲ್ಲ, ಕೇಳಿದ ಪ್ರಶ್ನೆಗೆ ನನ್ನ ದುಃಖ ಕಟ್ಟಿದ ಚಿತ್ರ ಅಂತ ಬಿಡಿಸಿ ಹೇಳಿದರು. ಹೋದ ಯುಗಾದಿಗೆ ಚಿಕ್ಕಪ್ಪನ ಮನೆಗೆ ಹೋದೆ. ಅವರು ಏನೂ ಕೇಳದೆ ಒಬ್ಬಟ್ಟು ಬಡಿಸಿದರು.

ತುಂಗಾತೀರ, ಹೊಟ್ಟೆಗೆ ಅಂತ ಹೋಗಿ. ಹಳೆಯದನ್ನು ಅಗೆಯುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮನೋನಿಧಿ, ಮೈಸೂರು

ಸಂಪಿಗೆಮರ ಅವರೇ, ಬರೆದದ್ದಕ್ಕೆ ನಿಜವಾಗಿ ಕೃತಜ್ಞಳು. ಹಿಪ್ನಾಸಿಸ್ ಬಗ್ಗೆ ನಾನು ಅತಿ ಹೆಚ್ಚು ಭಯ ಪಡುವುದು ಇದಕ್ಕೇ. ನೆನಪು ಅನ್ನುವುದು ಬೀರುವಿನಲ್ಲಿಟ್ಟ ಫೋಟೋ ಅಲ್ಲ. ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಕಟ್ಟುತ್ತೇವೆ. ಹಿಪ್ನಾಸಿಸ್‌ನಲ್ಲಿ ಕಲ್ಪನೆ ಸಡಿಲ, ಮೇಲಿಂದ ಕೇಳುವವರ ಸೂಚನೆ. ಕಂಡದ್ದರ ಮೇಲೆ ನಂಬಿಕೆ ಹೆಚ್ಚುತ್ತದೆ, ಅದು ನಿಜವಾಗಿರುವ ಸಾಧ್ಯತೆ ಹೆಚ್ಚುವುದಿಲ್ಲ. ಅಮೆರಿಕದ ವೈದ್ಯರ ಸಂಘ 1985ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಜೋಳದರೊಟ್ಟಿ

ಮೇಡಂ, ಹಂಗಾದರೆ ಪೊಲೀಸರು ಮಂಪರು ಪರೀಕ್ಷೆ ಮಾಡಿ ನಿಜ ಹೊರಗೆ ತೆಗೆಯುತ್ತಾರಲ್ಲ, ಅದೂ ಇದೇ ಏನು?

ಮನೋನಿಧಿ, ಮೈಸೂರು

ಅಲ್ಲ. ಅಲ್ಲಿ ಪೆಂಟೋಥಾಲ್‌ನಂಥ ಮದ್ದನ್ನು ರಕ್ತಕ್ಕೆ ಬಿಟ್ಟು ಮಂಪರು ಬರಿಸುತ್ತಾರೆ. ಹಿಪ್ನಾಸಿಸ್‌ನಲ್ಲಿ ಮದ್ದೇ ಇಲ್ಲ. ಮಂಪರಿನಲ್ಲಿ ಆಡಿದ್ದೆಲ್ಲ ನಿಜವೂ ಅಲ್ಲ. ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ತುಂಗಾತೀರ, ಯಾರ ಹತ್ತಿರ ಹೋಗಬೇಕು ಅನ್ನುವುದಕ್ಕೆ ನನ್ನ ಒಂದೇ ಅಳತೆ. ಹಿಪ್ನಾಸಿಸ್ ಇಲ್ಲದೆಯೂ ನಿಮ್ಮ ಕಾಯಿಲೆ ನೋಡಲು ಅವರಿಗೆ ಅರ್ಹತೆ ಇದೆಯಾ ಅಂತ ನೋಡಿ. ಮನೋವೈದ್ಯರೋ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟೋ ಆಗಿರಲಿ. ನೋಂದಣಿ ಸಂಖ್ಯೆ ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲದ ಧ್ವನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸುವುದು, ಇಂಥ ತೊಂದರೆ ಇರುವವರಿಗೆ ಇದು ಬೇಡ, ಮೊದಲು ಮನೋವೈದ್ಯರನ್ನು ಕಾಣಬೇಕು. ಯಾರ ಹತ್ತಿರ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತುಂಗಾತೀರ

ಎರಡೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋದೆ. ಎಂಟು ಸಲ ಆಯಿತು.

ಮೊದಲ ದಿನ ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ಅವತ್ತು ಬರೀ ಮಾತು. ಏನು ತಿಂತೀರಿ, ಯಾವಾಗ ನೋವು, ಯಾವುದಕ್ಕೆ ಹೆದರಿಕೆ. ಕರುಳಿಗೂ ಮಿದುಳಿಗೂ ಸದಾ ಮಾತುಕತೆ ಇರುತ್ತದೆ, ನನ್ನ ಕರುಳು ಸಣ್ಣದನ್ನೂ ಜೋರಾಗಿ ಹೇಳುತ್ತಿದೆ, ಅದರ ದನಿ ತಗ್ಗಿಸುವುದು ನಮ್ಮ ಕೆಲಸ ಅಂತ ಆ ಮೇಡಂ ಹೇಳಿದರು.

ಎರಡನೇ ದಿನ ಕುರ್ಚಿಯಲ್ಲಿ ಒರಗಿಸಿ, ಕಣ್ಣು ಮುಚ್ಚಿ, ಉಸಿರು ಎಣಿಸಿದರು. ಮೇಲೆ ಫ್ಯಾನ್ ಕಟಕಟ ಅನ್ನುತ್ತಿತ್ತು. "ಫ್ಯಾನ್ ಸದ್ದು ಇರಲಿ ಬಿಡಿ, ಅದರ ಪಾಡಿಗೆ ಅದು" ಅಂದರು. ನಿಮಗೆ ಗೊತ್ತಿರುವ, ಹರಿಯುವ ಯಾವುದಾದರೂ ಒಂದನ್ನು ನೆನಸಿಕೊಳ್ಳಿ ಅಂದರು. ನನಗೆ ಬೇರೇನು ಬರಬೇಕು? ತುಂಗೆ ಬಂದಳು. ಮೊದಲು ಬಂದದ್ದು ಆಷಾಢದ ತುಂಗೆ, ಕೆಂಪು ನೀರು, ಮರದ ದಿಮ್ಮಿ ಎಳೆದುಕೊಂಡು ರಾಮಮಂಟಪದ ಹತ್ತಿರ ಬಂಡೆಗೆ ಅಪ್ಪಳಿಸುವ ಹಾಗೆ. ನನ್ನ ಬೆಳಗಿನ ಹೊಟ್ಟೆ ಥೇಟ್ ಹಾಗೇ. ಆಮೇಲೆ ಅವರು ನಿಧಾನವಾಗಿ ನೀರು ಇಳಿಸುತ್ತಾ ಬಂದರು. ಎಳ್ಳಮಾವಾಸ್ಯೆ ಹೊತ್ತಿನ ತುಂಗೆ. ಬಂಡೆ ನಡುವೆ ತೆಳುವಾಗಿ, ತಳದ ಮರಳು ಕಾಣುವ ಹಾಗೆ ಹರಿಯುವ ನೀರು. ನನ್ನದೇ ಕೈ ಹೊಟ್ಟೆಯ ಮೇಲಿತ್ತು. ಅದು ಬಿಸಿಲಿಗೆ ಕಾದ ಬಂಡೆಯ ಹಾಗೆ ಬೆಚ್ಚಗಾಯಿತು. ನಿಜವಾಗಿ ಬೆಚ್ಚಗಾಯಿತು. ಎದ್ದಾಗ ಅರ್ಧ ಗಂಟೆ ಕಳೆದಿತ್ತು, ನನಗೆ ಹತ್ತು ನಿಮಿಷ ಅನ್ನಿಸಿತ್ತು. ಅವರು ಹೇಳಿದ ಒಂದೊಂದು ಮಾತೂ ನೆನಪಿತ್ತು. ಯಾರಿಗೂ ಬುದ್ಧಿ ಕೊಟ್ಟು ಬಂದ ಹಾಗೆ ಅನ್ನಿಸಲಿಲ್ಲ.

ರೆಕಾರ್ಡಿಂಗ್ ಕೊಟ್ಟಿದ್ದಾರೆ. ದಿನಾ ರಾತ್ರಿ ಕೇಳುತ್ತೇನೆ. ಮೊದಲ ನಾಲ್ಕು ವಾರ ಏನೂ ವ್ಯತ್ಯಾಸ ಇರಲಿಲ್ಲ, ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಐದನೇ ವಾರ ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲು ದಾಟಿದ ಮೇಲೆ ಗೊತ್ತಾಯಿತು, ಇವತ್ತು ಒಂದೇ ಸಲ ಹೋಗಿದ್ದು ಅಂತ. ಪೂರ್ತಿ ಹೋಗಿಲ್ಲ. ತಿಂಗಳ ಕೊನೆಯ ಕೆಲಸದ ಒತ್ತಡದಲ್ಲಿ ಎರಡು ದಿನ ಮತ್ತೆ ಹಿಂಡಿತು. ಆದರೆ ಹೋದ ಶುಕ್ರವಾರ ರಾತ್ರಿ ಬಸ್ಸಿಗೆ ಊರಿಗೆ ಬಂದೆ, ಮಧ್ಯಾಹ್ನ ಊಟ ಮಾಡಿಯೇ.

ಪ್ರಶ್ನೆಗಾರ

ಓದಿ ತುಂಬಾ ಸಂತೋಷ ಆಯಿತು. ಒಬ್ಬರ ಅನುಭವ ಪುರಾವೆ ಆಗುವುದಿಲ್ಲ ಅನ್ನುವ ನನ್ನ ಮಾತು ಹಾಗೇ ಇದೆ. ಆದರೆ ಮೇಲೆ ಕೊಟ್ಟ ಅಧ್ಯಯನಗಳನ್ನು ಹುಡುಕಿ ಓದಿದೆ. ಸುಮ್ನೆ ತಳ್ಳಿಹಾಕುವ ವಿಷಯ ಅಲ್ಲ ಅಂತ ಒಪ್ಪುತ್ತೇನೆ.

ತುಂಗಾತೀರ

ಒಂದು ಕೇಳಬೇಕಿತ್ತು. ಊರಿನಲ್ಲಿ ರಾತ್ರಿ ರೆಕಾರ್ಡಿಂಗ್ ಹಾಕಿಕೊಂಡಿದ್ದೆ. ಅಮ್ಮ ಪಕ್ಕದಲ್ಲೇ ಮಲಗಿದ್ದರು, ಅವರೂ ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ಕಾಫಿ ಕೊಡುತ್ತಾ, "ನಂಗೂ ನಿದ್ದೆ ಬರಲ್ಲ ಕಣೇ. ಹೊಳೆ ಅಂದ್ರೆ ನಂಗೆ ಹೆದರಿಕೆ. ತೋಟ ನೆನಸಿಕೊಂಡ್ರೆ ನಡೆಯುತ್ತಾ ಕೇಳು" ಅಂದರು.

ಮನೋನಿಧಿ, ಮೈಸೂರು

ನಡೆಯುತ್ತದೆ. ಆದರೆ ನಿಮಗೆ ಕೊಟ್ಟ ರೆಕಾರ್ಡಿಂಗ್ ಅವರಿಗೆ ಬೇಡ, ಅದು ನಿಮ್ಮ ಹೊಟ್ಟೆಗೆ ಅಂತ ಮಾಡಿದ್ದು. ನಿದ್ದೆ ಯಾಕೆ ಬರುತ್ತಿಲ್ಲ ಅಂತ ಮೊದಲು ಅಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಇವತ್ತು ರಾತ್ರಿ ಮಲಗುವಾಗ ನೀವೇ ಪಕ್ಕದಲ್ಲಿ ಕೂತು ಕೇಳಿ, ತೋಟಕ್ಕೆ ಯಾವ ದಾರಿಯಲ್ಲಿ ಹೋಗ್ತೀಯಮ್ಮಾ, ಎಷ್ಟು ಹೊತ್ತಿಗೆ, ಅಲ್ಲಿ ಏನು ಸದ್ದು ಅಂತ. ಅವರು ನಿಧಾನವಾಗಿ ಹೇಳುತ್ತಾ ಹೋಗಲಿ.